ನೇರ್ಚೆಯ ಹೋತ ಮತ್ತು ಕಡಬದ ರೆಫ್ರಿ

ಅದು ಗೋಲಲ್ಲ. ಚೆಂಡು ಹೋತದ ಹೊಟ್ಟೆಗೆ ಬಡಿದು ಗೆರೆಯ ಈಚೆಗೇ ನಿಂತಿತು. ನಡೆದದ್ದು ಇಷ್ಟೇ. ಹೋತವನ್ನು ಎದುರು ತಂಡದ ಗುತ್ತಿಗಾರಿನವರು ತಂದು ನಿಲ್ಲಿಸಿದರು ಎನ್ನುವುದು ಸುಳ್ಳು. ರೆಫ್ರಿ ಅವರ ಕೈಯಿಂದ ಬಿರಿಯಾನಿ ತಿಂದಿದ್ದ ಎನ್ನುವುದೂ ಸುಳ್ಳು. ಅವನು ಆ ಮಧ್ಯಾಹ್ನ ಉಂಡದ್ದು ನಮ್ಮ ಮನೆಯ ಬುತ್ತಿ, ಕಟ್ಟಿ ಕಳಿಸಿದ್ದು ನಾನು. ಹೋತವೂ ನಮ್ಮದೇ.

ಮುಗಿದ ಕತೆಯನ್ನು ಈಗ ಯಾಕೆ ತೆಗೆದೆ ಎಂದರೆ ಮೊಬೈಲಿನ ದೆಸೆಯಿಂದ. ಮೊನ್ನೆ ಕಬಕದಲ್ಲಿ ನೆಂಟರ ಮನೆಗೆ ಹೋಗಿದ್ದೆ. ಚಾ ಬರುವ ಮೊದಲೇ ಆ ಮನೆಯ ಅಳಿಯ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಐಸಮ್ಮಾದ, ಇದು ನಿಮ್ಮ ಹೋತ ಅಲ್ವಾ?" ಎಂದ. ಐಸಮ್ಮ ನಾನು, ಕೊನೆಯ 'ದ' ಮರ್ಯಾದೆಗೆ. ಆಟದ ದಿನ ಯಾರೋ ತೆಗೆದ ಅದೇ ವಿಡಿಯೊ. ಒಮ್ಮೆ ಸಾದಾ ತೋರಿಸಿದ, ಮತ್ತೊಮ್ಮೆ ನಿಧಾನ ಮಾಡಿ ತೋರಿಸಿದ. ನಿಧಾನ ಮಾಡಿದರೆ ಹೋತ ಇನ್ನೂ ಗಂಭೀರವಾಗಿ ಕಾಣುತ್ತದೆ, ಪಂಚಾಯತಿ ಅಧ್ಯಕ್ಷರು ಉದ್ಘಾಟನೆಗೆ ನಡೆದು ಬಂದ ಹಾಗೆ. "ಈಗ ಹೇಳಿ, ಗೋಲಾ ಅಲ್ವಾ?" ಎಂದು ಅವನು ಕೇಳಿದ. ನಾನು ಅಲ್ಲ ಎಂದೆ. ಚಾ ತಣ್ಣಗಾಗುವವರೆಗೆ ನನ್ನ ಹತ್ತಿರ ವಾದ ಮಾಡಿದ. ಜಾಲ್ಸೂರಿನಲ್ಲಿ ಬಸ್ಸಿಗೆ ಕಾಯುವವರು ಇವತ್ತಿಗೂ ಇದನ್ನೇ ಮಾತಾಡುವುದು. ಹಾಗಾಗಿ ಒಂದು ಸಲ ಬರೆದು ಇಟ್ಟುಬಿಡುತ್ತೇನೆ. ಮನೆಯಲ್ಲಿ ನಮ್ಮ ಮಾತು ಬ್ಯಾರಿ. ಬರೆಯಲು ಕಲಿತದ್ದು ಕನ್ನಡ, ಅದೂ ನಾಲ್ಕನೇ ಕ್ಲಾಸಿನವರೆಗೆ. ಅಷ್ಟರಲ್ಲಿ ಎಷ್ಟು ಆಗುತ್ತದೋ ಅಷ್ಟು.

ಹೆಂಗಸಿಗೆ ಫುಟ್ಬಾಲು ಎಂತ ಗೊತ್ತು ಎಂದು ಕೇಳಬೇಡಿ. ನಾನು ಹುಟ್ಟಿದ ಮನೆಯ ಅಂಗಳದ ಆಚೆಗೇ ಆಟದ ಗದ್ದೆ ಇತ್ತು. ಆಗ ರೆಫ್ರಿ ಎಂದರೆ ಚೆಂಡಿನ ಯಜಮಾನ. ಚೆಂಡು ಯಾರದ್ದೋ ಅವನೇ ಆಡುವುದು, ಅವನೇ ತೀರ್ಪು ಕೊಡುವುದು, ಸೋತರೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋಗುವುದೂ ಅವನೇ. ಇವರೆಲ್ಲರ ಮೇಲೆ ನಮ್ಮ ಉಮ್ಮ, ನನ್ನ ತಾಯಿ. ಉಮ್ಮ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ಚೆಂಡು ಮೀನಿನ ಚಾಪೆಯ ಮೇಲೆ ಬಿದ್ದರೆ ಕತ್ತಿ ತಂದು ಎರಡು ಹೋಳು ಮಾಡಿ ಒಳಗೆ ಇಡುತ್ತಿದ್ದಳು. ಅದಕ್ಕೆ ಮೇಲ್ಮನವಿ ಇಲ್ಲ. ಚೆಂಡಿನ ಚರ್ಮ ನಮ್ಮ ಬಚ್ಚಲಿನ ಬಾಗಿಲಿಗೆ ಬಿಜಾಗರಿ ಆಗಿತ್ತು, ಅಣ್ಣನ ಚಪ್ಪಲಿಗೆ ಪಟ್ಟಿ ಆಗಿತ್ತು. ಹೊರಗಿನವರು ಆಟದೊಳಗೆ ಕೈ ಹಾಕಿದರೆ ರೆಫ್ರಿ ಎಂತ ಮಾಡಬೇಕು ಎನ್ನುವುದು ಆಗ ಯಾರ ತಲೆಗೂ ಬರಲಿಲ್ಲ, ಯಾಕೆಂದರೆ ರೆಫ್ರಿಯೇ ಮೊದಲು ಓಡುತ್ತಿದ್ದ.

ಮದುವೆಯಾದದ್ದೂ ಆಟಗಾರನನ್ನೇ. ನಮ್ಮವರು ಬರಿಗಾಲಲ್ಲಿ ಆಡುವವರು. ಪ್ರತಿ ಮಳೆಗಾಲ ಕಳೆದು ಗದ್ದೆ ಒಣಗಿತು ಎಂದರೆ ಕಾಲಿನ ಒಂದು ಉಗುರು ಬಿಟ್ಟು ಬರುತ್ತಿದ್ದರು. ನಾನು ಅರಸಿನ ಹಚ್ಚುತ್ತಿದ್ದೆ, ಅವರು ಸುಮ್ಮನೆ ಕೂತು ಯಾರು ಯಾರಿಗೆ ಪಾಸು ಕೊಡಲಿಲ್ಲ ಎಂದು ಹೇಳುತ್ತಿದ್ದರು. ಅವರು ತೀರಿ ವರ್ಷಗಳಾದವು. ಉಗುರುಗಳು ಅದಕ್ಕಿಂತ ಮೊದಲೇ ಹೋಗಿದ್ದವು.

ಅವರ ಆ ಹುಚ್ಚು ಮಗನಿಗೆ ಬಂತು, ಕಾಲು ಬರಲಿಲ್ಲ. ಹಮೀದ್ ಸೌದಿಯಿಂದ ವಾಪಸು ಬಂದು ಟೈಲ್ಸ್ ಅಂಗಡಿ ಇಟ್ಟವ. ಓಡಲು ಆಗುವುದಿಲ್ಲ, ಹಾಗಾಗಿ ಊರಿನ ಕ್ಲಬ್ಬಿಗೆ ಅಧ್ಯಕ್ಷ. ವರ್ಷಕ್ಕೊಂದು ಸೆವೆನ್ಸ್ ಪಂದ್ಯ ಇಡುತ್ತಾರೆ, ಒಂದು ಕಡೆಗೆ ಏಳೇ ಜನ ಆಡುವುದು. ಆ ವರ್ಷ ಹಮೀದನ ತಲೆಗೆ ಒಂದು ಯೋಚನೆ ಬಂತು. ಅವನ ಮಗಳು ಸುಮಯ್ಯ ಪುತ್ತೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅವಳಿಗೆ ಬ್ರೋಕರ್ ಇದಿನಬ್ಬ ಒಂದು ಸಂಬಂಧ ತಂದಿದ್ದ. ಕಡಬದ ಹುಡುಗ, ಅಶ್ರಫ್, ಶಾಲೆಯಲ್ಲಿ ಆಟದ ಮಾಸ್ಟ್ರು, ರಜೆಯಲ್ಲಿ ರೆಫ್ರಿ. ಹುಡುಗ ಹುಡುಗಿ ನೋಡಿ ಆಗಿತ್ತು, ಇಬ್ಬರಿಗೂ ಒಪ್ಪಿಗೆ. ಆದಿತ್ಯವಾರ ಕಡಬದ ಗಂಡಸರು ಬಂದು ಮಾತು ಗಟ್ಟಿ ಮಾಡುವುದು ಎಂದಿತ್ತು. ಶನಿವಾರ ಪಂದ್ಯ. ಹಮೀದ್ ಆ ಹುಡುಗನನ್ನೇ ರೆಫ್ರಿ ಮಾಡಿದ.

"ಹುಡುಗನನ್ನು ಊರವರಿಗೆ ತೋರಿಸಿದ ಹಾಗೂ ಆಯ್ತು, ರೆಫ್ರಿ ಸಿಕ್ಕಿದ ಹಾಗೂ ಆಯ್ತು" ಎಂದ.

"ನಾಳೆ ಅಳಿಯ ಆಗುವವನ ಕೈಗೆ ಇವತ್ತು ಸೀಟಿ ಕೊಡ್ಬೇಡ" ಎಂದೆ.

"ಉಮ್ಮಾ, ನಿಮಗೆ ಗೊತ್ತಾಗುದಿಲ್ಲ. ಮನೆಯವನೇ ಇದ್ರೆ ಒಂದು ಧೈರ್ಯ."

ಎಂತದ್ದರ ಧೈರ್ಯ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆಯ ಸೆಮಿಫೈನಲಿನಲ್ಲಿ ಎಲ್ಲ ಚಂದವೇ ಇತ್ತು. ನಾವು ಹೆಂಗಸರು ಗದ್ದೆಯ ಬದಿಯ ಮನೆಯೊಂದರ ತಾರಸಿಯಲ್ಲಿ ಕೂತು ನೋಡಿದೆವು. ಗದ್ದೆಗೆ ತಾಗಿಯೇ ಮಾರ್ಗ. ನಮ್ಮ ಕಡೆಯ ಬಸ್ಸಿನ ಕಂಡಕ್ಟರ್ ಸೀಟಿ ಊದುತ್ತಾನೆ. ಕೇರಳದ ಬಸ್ಸಿನಲ್ಲಿ ಹಗ್ಗ ಎಳೆದರೆ ಗಂಟೆ. ಹಾಗಾಗಿ ಕೇರಳದ ಬಸ್ಸಿನಿಂದ ನಮ್ಮ ಆಟಕ್ಕೆ ಯಾವತ್ತೂ ತೊಂದರೆ ಆದದ್ದಿಲ್ಲ. ಆ ದಿನ ಸುಳ್ಯದ ಬಸ್ಸು ಬಂತು, ಕಂಡಕ್ಟರ್ ಊದಿದ. ನಮ್ಮ ತಂಡದ ಬ್ಯಾಕ್, ಒಬ್ಬ ದಪ್ಪ ಹುಡುಗ, ಆಟ ನಿಂತಿತು ಎಂದು ಎಣಿಸಿ ಚೆಂಡನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಅದೂ ಗೋಲಿನ ಎದುರಿಗೇ. ಎದುರಿನವರು ಪೆನಾಲ್ಟಿ ಎಂದು ಬೊಬ್ಬೆ ಹಾಕಿದರು. ಅಶ್ರಫ್ ಬಸ್ಸಿನ ಕಡೆಗೆ ಕೈ ತೋರಿಸಿ, ಹೊರಗಿನ ಸೀಟಿ, ಅವನ ತಪ್ಪಲ್ಲ ಎಂದ. ಚೆಂಡನ್ನು ನೆಲಕ್ಕೆ ಬಿಟ್ಟು ಅಲ್ಲಿಂದಲೇ ಆಟ ಶುರು ಮಾಡಿಸಿದ. ನಾವು ಗೆದ್ದೆವು. ಹಮೀದ್ ಊರಿಡೀ ಹೇಳಿಕೊಂಡು ತಿರುಗಿದ, "ನೋಡಿ, ಕಾನೂನು ಗೊತ್ತಿರುವ ರೆಫ್ರಿ ಅಂದ್ರೆ ಹೀಗೆ."

ಈ ಚೆಂಡು ಬಿಡುವ ಕಾನೂನು ನನಗೆ ಕೂಡಲೇ ಅರ್ಥವಾಯಿತು. ಹಾಲಿಗೆ ಬೆಕ್ಕು ಬಾಯಿ ಹಾಕಿದರೆ ಎಷ್ಟು ಕುಡಿಯಿತು, ಕುಡಿಯದಿದ್ದರೆ ಎಷ್ಟು ಮೊಸರು ಆಗುತ್ತಿತ್ತು ಎಂದು ಯಾರೂ ಚರ್ಚೆ ಮಾಡುವುದಿಲ್ಲ. ಪಾತ್ರೆ ತೊಳೆದು ಹೊಸತಾಗಿ ಇಡುವುದು. ಬೆಕ್ಕನ್ನು ಬೈದರೆ ಹಾಲು ಬರುವುದಿಲ್ಲ. ಎಲ್ಲ ಕಡೆಯೂ ಇಷ್ಟು ಸಲೀಸಲ್ಲ, ಒಪ್ಪುತ್ತೇನೆ. ಗುತ್ತಿಗಾರಿನ ಕಡೆ ಒಮ್ಮೆ ಆಟದ ನಡುವೆ ಗದ್ದೆಯ ತುದಿಗೆ ಆನೆ ಬಂದಿತ್ತಂತೆ. ಅಲ್ಲಿ ರೆಫ್ರಿ ಎಂತ ಮಾಡಬೇಕು? ಸೀಟಿ ಊದಬಾರದು, ಅಷ್ಟೇ.

ಇನ್ನು ಹೋತದ ವಿಷಯ. ನನ್ನ ಕಣ್ಣಿನ ಪೊರೆ ತೆಗೆಸುವಾಗ, ಕಣ್ಣು ಸರಿಯಾದರೆ ಒಂದು ಹೋತ ಕೊಡುತ್ತೇನೆ ಎಂದು ದರ್ಗಾಕ್ಕೆ ಹೇಳಿಕೊಂಡಿದ್ದೆ. ನಿಮ್ಮಲ್ಲಿ ಹರಕೆ, ನಮ್ಮಲ್ಲಿ ನೇರ್ಚೆ. ಕಣ್ಣು ಸರಿಯಾಯಿತು, ಹೋತವನ್ನು ಬಿಟ್ಟೆವು. ಉರೂಸಿನವರೆಗೆ ಅದು ಊರಿನಲ್ಲಿ ತಿರುಗಿಕೊಂಡಿರುವುದು. ಅದನ್ನು ಕಟ್ಟುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ, ಓಡಿಸುವ ಹಾಗಿಲ್ಲ. ಭಟ್ಟರ ಅಂಗಡಿಗೆ ಹೋದರೆ ಬಾಳೆಹಣ್ಣು, ಹೋಟೆಲಿಗೆ ಹೋದರೆ ನಿನ್ನೆಯ ಪರೋಟ. ಮಾರ್ಗದಲ್ಲಿ ಮಲಗಿದರೆ ಬಸ್ಸು ಸುತ್ತು ಹಾಕಿ ಹೋಗುತ್ತದೆ. ಹೀಗೆ ತಿಂದು ತಿಂದು ಅದು ಕರುವಿನಷ್ಟು ಆಗಿತ್ತು, ಅಹಂಕಾರವೂ ಅಷ್ಟೇ ಬಂದಿತ್ತು. ಆ ವರ್ಷದ ಉರೂಸಿಗೆ ಹೋಯಿತು. ಮಾಂಸ ಮೆತ್ತಗಿತ್ತು ಎಂದು ತಿಂದವರು ಹೇಳಿದರು. ಹಮೀದ್ ಎರಡು ಸಲ ಬಡಿಸಿಕೊಂಡ.

ಅದು ಆಮೇಲಿನ ಮಾತು. ಸಂಜೆ ಫೈನಲು, ಗುತ್ತಿಗಾರಿನವರ ಜೊತೆ. ಮೊದಲರ್ಧ ಒಂದೊಂದು ಗೋಲಿಗೆ ಸಮ ಆಗಿತ್ತು. ಎರಡನೇ ಅರ್ಧ ಶುರುವಾಗುವಾಗ ಹೋತ ಬಂದು ಗುತ್ತಿಗಾರಿನವರ ಗೋಲಿನ ಕಂಬಕ್ಕೆ ಬೆನ್ನು ಉಜ್ಜುತ್ತಾ ನಿಂತಿತು. ಅಶ್ರಫ್ ಹಮೀದನ ಹತ್ತಿರ ಬಂದು, "ಅದನ್ನು ಒಮ್ಮೆ ಹೊರಗೆ ಕಳಿಸಿ" ಎಂದ.

"ಅದು ನೇರ್ಚೆಯದ್ದು ಮಾರಾಯ. ಕೈ ಹಚ್ಚುವ ಹಾಗಿಲ್ಲ. ಅದರಷ್ಟಕ್ಕೆ ಅದು ಹೋಗ್ತದೆ."

"ಹೋಗದಿದ್ರೆ?"

"ಇದ್ರೆ ಎಂತ? ಅದು ಆಡುವವರಿಗೆ ಉಪದ್ರ ಕೊಡುದಿಲ್ಲ. ಬರ್ಕತ್ತಿನ ಪ್ರಾಣಿ, ಇದ್ರೆ ಒಳ್ಳೆದೇ ಆಗ್ತದೆ."

ಅಶ್ರಫ್ ಯಾರಿಂದಲೋ ಎರಡು ಬಾಳೆಹಣ್ಣು ತರಿಸಿ, ಹೋತಕ್ಕೆ ತೋರಿಸಿ, ಮರ್ಯಾದೆಯಲ್ಲಿ ಗೆರೆಯ ಹೊರಗೆ ಕರೆದುಕೊಂಡು ಹೋಗಿ ಬಿಟ್ಟ. ಹಣ್ಣು ಮುಗಿಯಿತು, ಹೋತ ವಾಪಸು ಬಂತು. ಈ ಸಲ ಯಾರೂ ಏನೂ ಹೇಳಲಿಲ್ಲ. ಗುತ್ತಿಗಾರಿನ ಗೌಡರ ಮಕ್ಕಳು ಸಹ ಅದಕ್ಕೆ ದಾರಿ ಬಿಟ್ಟು ಆಡಿದರು. ಬೇರೆ ಊರಾಗಿದ್ದರೆ ಒಂದು ಕಲ್ಲು ಬೀಸಿದರೆ ಮುಗಿಯುತ್ತಿತ್ತು.

ಆಟ ಮುಗಿಯಲು ಸ್ವಲ್ಪ ಇರುವಾಗ ನಮ್ಮ ತಂಡದ ಸಲೀಂ ಎಲ್ಲರನ್ನೂ ದಾಟಿದ. ಗೋಲ್‌ಕೀಪರನನ್ನೂ ದಾಟಿದ. ಎದುರಿಗೆ ಬರೀ ಗೋಲು. ಮೆಲ್ಲ ತಳ್ಳಿದ. ಚೆಂಡು ಉರುಳಿಕೊಂಡು ಹೋಯಿತು, ಗದ್ದೆಯಿಡೀ ಎದ್ದು ನಿಂತಿತು. ಹೋತ ಅದನ್ನು ಏನೋ ತಿನ್ನುವ ವಸ್ತು ಎಂದು ಎಣಿಸಿರಬೇಕು. ಕಂಬದ ಬದಿಯಿಂದ ಎರಡು ಹೆಜ್ಜೆ ಒಳಗೆ ಬಂತು. ಚೆಂಡು ಹೊಟ್ಟೆಗೆ ಬಡಿದು, ಗೆರೆಯ ಈಚೆಗೆ ನಿಂತುಬಿಟ್ಟಿತು. ಹೋತ ಅದನ್ನು ಮೂಸಿ ನೋಡಿ, ತಿನ್ನುವುದಲ್ಲ ಎಂದು ಗೊತ್ತಾಗಿ ಹೊರಟುಹೋಯಿತು.

ಅಶ್ರಫ್ ಸೀಟಿ ಊದಿದ. ಬೆಳಿಗ್ಗೆ ಮಾಡಿದ್ದನ್ನೇ ಮಾಡಿದ. ಹೊರಗಿನದ್ದು ತಾಗಿತು, ಆಟ ನಿಂತಿತು, ಚೆಂಡು ಬಿಡುವುದು. ಆದರೆ ಗೋಲಿನ ಎದುರಿನ ಪೆಟ್ಟಿಗೆಯೊಳಗೆ ಹೀಗಾದರೆ ಚೆಂಡನ್ನು ಬಿಡುವುದು ಗೋಲ್‌ಕೀಪರನಿಗೆ. ಅಶ್ರಫ್ ಅವನ ಕಾಲ ಬುಡದಲ್ಲಿ ಬಿಟ್ಟ. ಗೋಲಿನ ಬಾಯಿಗೆ ಹೋದ ತುತ್ತು ಎದುರಿನವನ ಕೈಗೆ. ನಮ್ಮವರು ಏಳೂ ಜನ ಅಲ್ಲೇ ನಿಂತು ಜಗಳ ಮಾಡುತ್ತಿದ್ದರು. ಗೋಲ್‌ಕೀಪರ್ ಚೆಂಡನ್ನು ದೂರ ಒದ್ದ, ಅಲ್ಲಿ ಒಬ್ಬನೇ ನಿಂತಿದ್ದ ಅವರ ಹುಡುಗ ಬಿಡುವು ಮಾಡಿಕೊಂಡು ಗೋಲು ಹೊಡೆದ. ನಾವು ಸೋತೆವು.

ತಾರಸಿಯಲ್ಲಿ ಮೊಮ್ಮಗಳು ಸುಮಯ್ಯ ಮೊಬೈಲಿನಲ್ಲಿ ಕಾನೂನು ಹುಡುಕಿ ಓದಿದಳು. "ಬಲ್ಯುಮ್ಮ, ತಾಗಿದ ಮೇಲೂ ಚೆಂಡು ಒಳಗೆ ಹೋಗಿದ್ರೆ, ತಡೆಯುವವರಿಗೆ ಅಡ್ಡ ಆಗದಿದ್ರೆ, ಗೋಲು ಕೊಡ್ಬಹುದಂತೆ. ಹೋಗ್ಲಿಲ್ಲ ಅಲ್ವಾ."

"ಪರೋಟ ತಿಂದ ಹೊಟ್ಟೆ. ಹೇಗೆ ಹೋಗುದು?" ಎಂದೆ.

ಅವಳು ನಗಲಿಲ್ಲ. ಕೆಳಗೆ ಅವಳ ಉಪ್ಪ ಹಮೀದ್ ಬಿಳಿ ಮುಂಡು ಮೇಲೆ ಕಟ್ಟಿಕೊಂಡು ಗದ್ದೆಯೊಳಗೆ ಓಡುತ್ತಿದ್ದ. ಅಶ್ರಫ್ ಎರಡು ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ ಅವನ ಬೊಬ್ಬೆಯನ್ನು ಪೂರ್ತಿ ಕೇಳಿದ. ಮತ್ತೆ ಹೇಳಿದ್ದು ಒಂದೇ ಮಾತು, ಮೈಕಿನವನ ಹತ್ತಿರವೇ ನಿಂತಿದ್ದರಿಂದ ಊರಿಗೇ ಕೇಳಿತು: "ಹಮೀದಾಕ, ನೀವು ಗೆರೆಯ ಹೊರಗೆ ಹೋಗ್ಬೇಕು."

ಅವನಿಗೆ ನೋವಾದದ್ದು ಗೋಲಿಗಲ್ಲ, ಇದಕ್ಕೆ. ಮನೆಗೆ ಬಂದ ಹಮೀದ್ ಮುಸ್ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಎದ್ದವನೇ ಶುರು ಮಾಡಿದ. "ಹೋತಕ್ಕೆ ಬಾಳೆಹಣ್ಣು ಕೊಟ್ಟು ಕಳಿಸಿದ. ನನ್ನನ್ನು ಬರಿಗೈಯಲ್ಲಿ ಅಟ್ಟಿದ."

"ನೀನು ಬಾಳೆಹಣ್ಣಿಗೆ ಹೋಗ್ತಿದ್ಯಾ?" ಎಂದೆ.

"ಉಮ್ಮಾ, ತಮಾಷೆ ಬೇಡ. ಮನೆಗೆ ಬರುವ ಮೊದಲೇ ಮಾವನ ಮರ್ಯಾದೆ ತೆಗೆದವ, ಬಂದ ಮೇಲೆ ಎಂತ ಮಾಡಿಯಾನು?"

ಕೂಡಲೇ ಬ್ರೋಕರ್ ಇದಿನಬ್ಬನಿಗೆ ಫೋನು ಮಾಡಿದ. ನಾಳೆ ಕಡಬದವರು ಬರುವುದು ಬೇಡ. ಬರಬೇಕಾದರೆ ಆ ರೆಫ್ರಿ ಇವತ್ತೇ ಅದು ಗೋಲು, ತನಗೆ ತಪ್ಪಿತು ಎಂದು ಬಾಯಲ್ಲಿ ಹೇಳಿ ಕ್ಲಬ್ಬಿನ ವಾಟ್ಸಾಪಿಗೆ ಹಾಕಲಿ. ಹಾಕಿದರೆ ಮದುವೆ, ಇಲ್ಲದಿದ್ದರೆ ಇಲ್ಲ. ಇಷ್ಟು ಹೇಳಿ ಅಂಗಡಿಯ ಕಡೆ ಹೋದ. ಸೊಸೆ ನಫೀಸ ಅಡುಗೆ ಕೋಣೆಯಲ್ಲಿ ಅಳುತ್ತಾ ಮೀನು ಕಾಯಿಸಿದಳು. ಅಳುವಿನಿಂದ ಮೀನು ಕರಟಿತು.

ಸುಮಯ್ಯ ನನ್ನ ಹತ್ತಿರ ಬಂದು ಕೂತಳು. ಅವಳಿಗೆ ಆ ಹುಡುಗ ಬೇಕಿತ್ತು. ಅದನ್ನು ಸುತ್ತಿ ಬಳಸಿ ಹೇಳುವವಳಲ್ಲ, ಹುಡುಗ ಬಂದು ಹೋದ ದಿನವೇ ಇವನೇ ಆಗಲಿ ಎಂದಿದ್ದಳು.

"ಬಲ್ಯುಮ್ಮ, ಅವರು ಒಂದು ಮಾತು ಹೇಳಿಬಿಟ್ರೆ ಎಂತ ಹೋಗ್ತದೆ? ಆಟ ಹೇಗೂ ಮುಗೀತು. ಕಪ್ಪು ಗುತ್ತಿಗಾರಿಗೆ ಹೋಯ್ತು."

"ಹೇಳಿದ್ರೆ ನಾನು ಒಪ್ಪುದಿಲ್ಲ."

"ನೀವೂನಾ?"

"ಇವತ್ತು ನಿನ್ನ ಉಪ್ಪನಿಗೆ ಹೆದರಿ ಇಲ್ಲದ್ದನ್ನು ಉಂಟು ಅಂದವ, ನಾಳೆ ಅವನ ಉಮ್ಮನಿಗೆ ಹೆದರಿ ಇದ್ದದ್ದನ್ನು ಇಲ್ಲ ಅಂತಾನೆ. ಮತ್ತೆ ನೀನು ಸಾರಿಗೆ ಉಪ್ಪು ಹಾಕಿದ್ದೀಯಾ ಇಲ್ವಾ ಅಂತ ದಿನಾ ಸಾಕ್ಷಿ ಕರೀಬೇಕು. ನಾನು ನಲವತ್ತು ವರ್ಷ ಸಂಸಾರ ಮಾಡಿದ್ದೇನೆ, ಚಂದದ ಮುಖ ಊಟಕ್ಕೆ ಸೇರುದಿಲ್ಲ. ಆ ಹುಡುಗ ಕಡ್ಡಿ ಹಾಗಿದ್ದಾನೆ, ಕಿವಿಯೂ ಅಗಲ. ಆದ್ರೆ ಮಾವ ಆಗುವವನ ಎದುರು ನಿಂತು ಅಲ್ಲ ಅಂದಿದ್ದಾನಲ್ಲ, ಅದಕ್ಕೇ ನನಗೆ ಅವ ಸಾಕು. ಈಗ ಅದನ್ನೂ ಕಳಕೊಂಡ್ರೆ ಬಾಕಿ ಉಳಿಯುದು ಕಿವಿ."

ಅವಳು ಮೊಬೈಲಿನಲ್ಲಿ ಅಶ್ರಫನ ನಂಬರು ಒತ್ತಿ ನನ್ನ ಕೈಗೆ ಕೊಟ್ಟಳು.

"ಸಲಾಂ ಬಲ್ಯುಮ್ಮ" ಎಂದ ಅಶ್ರಫ್. ಇದಿನಬ್ಬ ಅವನಿಗೆ ಆಗಲೇ ಎಲ್ಲ ಹೇಳಿ ಆಗಿತ್ತು.

"ಅದು ಗೋಲಾ?" ಎಂದು ಕೇಳಿದೆ.

"ಅಲ್ಲ."

"ಗೋಲು ಅನ್ನದಿದ್ರೆ ಹುಡುಗಿ ಇಲ್ಲ ಅಂತ ಹಮೀದ್ ಹೇಳ್ತಾನೆ."

ಅವರ ಮನೆಯಲ್ಲಿ ಯಾರೋ ಪಾತ್ರೆ ಇಡುವ ಸದ್ದು ಕೇಳಿತು. ಸುಮಯ್ಯ ನನ್ನ ಮುಖ ನೋಡುತ್ತಿದ್ದಳು. ಫೋನು ಕಟ್ಟಾಯಿತೋ ಎಂದು ನಾನು ಕಿವಿಯಿಂದ ತೆಗೆದು ನೋಡಿದೆ.

"ಹುಡುಗಿ ಬೇಕು ಬಲ್ಯುಮ್ಮ" ಎಂದ. "ಆದ್ರೆ ಅದು ಗೋಲಲ್ಲ." ಮತ್ತೆ ಅವನೇ ಸೇರಿಸಿದ, "ನನ್ನದು ಒಂದು ತಪ್ಪು ಉಂಟು. ಹೋತ ಎರಡನೇ ಸಲ ಬಂದಾಗಲೇ ಆಟ ನಿಲ್ಲಿಸಿ ಹೊರಗೆ ಮಾಡಿಸ್ಬೇಕಿತ್ತು. ಎಲ್ಲರೂ ಅದಕ್ಕೆ ಮರ್ಯಾದೆ ಕೊಡ್ತಿದ್ರು, ನಾನೂ ಕೊಟ್ಟೆ. ಹೇಳ್ಬೇಕು ಅಂತಾದ್ರೆ ಅದನ್ನು ಎಲ್ಲರೆದುರು ಹೇಳ್ತೇನೆ."

ಇದು ನನಗೆ ಸರಿ ಕಂಡಿತು. ಬಾಗಿಲಲ್ಲಿ ಬೆಕ್ಕು ಕಂಡ ಮೇಲೆ ಹಾಲಿಗೆ ಮುಚ್ಚಳ ಹಾಕದವಳದ್ದೂ ತಪ್ಪು ಉಂಟು. ರೆಫ್ರಿಗಳಿಗೆ ನಾನು ಹೇಳುವುದಿದ್ದರೆ ಇದೊಂದೇ. ತಾಗಿದ ಮೇಲೆ ಎಂತ ಮಾಡುವುದು ಎಂದು ಪುಸ್ತಕದಲ್ಲಿ ಉಂಟು. ತಾಗುವ ಮೊದಲೇ ಯಾರ ದಾಕ್ಷಿಣ್ಯವನ್ನೂ ನೋಡದೆ ಹೊರಗೆ ಹಾಕಿ. ಹೋತವಾಗಲಿ, ಅಧ್ಯಕ್ಷನಾಗಲಿ.

"ನಾಳೆ ಎಷ್ಟು ಹೊತ್ತಿಗೆ ಹೊರಡ್ತೀರಿ?" ಎಂದು ಕೇಳಿದೆ.

"ಇದಿನಬ್ಬಾಕ ಬರುದು ಬೇಡ ಅಂದ್ರು."

"ಅವನಿಗೆ ನಾನು ಹೇಳ್ತೇನೆ. ಮಧ್ಯಾಹ್ನದ ಲುಹರ್ ನಮಾಜಿನ ಮೊದಲು ಮುಟ್ಟಿ. ಊಟ ಇಲ್ಲೇ."

ಇದಿನಬ್ಬನಿಗೆ ಫೋನು ಮಾಡಿದಾಗ ಅವ ಒದ್ದಾಡಿದ. "ಐಸಮ್ಮಾದ, ಹಮೀದ್ ನನ್ನನ್ನು ಕೊಲ್ತಾನೆ."

"ನೀನು ಸಾಯುದಾದ್ರೆ ಊಟ ಮಾಡಿ ಸಾಯಿ" ಎಂದು ಇಟ್ಟೆ.

ಹಮೀದನಿಗೆ ಏನೂ ಹೇಳಲಿಲ್ಲ. ಹೇಳಿದರೆ ಅವನು ಒಂದು ಹೇಳುತ್ತಾನೆ, ನಾನು ಒಂದು ಹೇಳುತ್ತೇನೆ, ನಫೀಸ ಮತ್ತೊಂದು ಮೀನು ಕರಟಿಸುತ್ತಾಳೆ. ಅವನು ಬಂದ, ಉಂಡ, ಮೊಬೈಲಿನಲ್ಲಿ ಅದೇ ವಿಡಿಯೊ ನೋಡುತ್ತಾ ಮಲಗಿದ.

ಮರುದಿನ ಬೆಳಿಗ್ಗೆ ನಾನು ಕೋಳಿ ಬಿಡಲಿಲ್ಲ.

ನಮ್ಮ ಕಡೆ ನೆಂಟರು ಬರುವ ದಿನ ಕೋಳಿಗೂಡಿನ ಬಾಗಿಲು ತೆಗೆಯುವುದಿಲ್ಲ. ಒಮ್ಮೆ ಬಿಟ್ಟರೆ ಹಿಡಿಯಲು ಮನೆಮಂದಿ ಎಲ್ಲ ಓಡಬೇಕು. ಬಿಸಿಲು ಬಂದ ಮೇಲೂ ಗೂಡಿನೊಳಗೆ ಗಲಾಟೆ ಕೇಳಿದರೆ ನೆರೆಯವರು ತಿಳಿದುಕೊಳ್ಳುತ್ತಾರೆ, ಬೇರೆ ಹೇಳಿಕೆ ಬೇಡ. ನಾನು ಅಕ್ಕಿ ನೆನೆಹಾಕಿ, ಗೂಡಿನ ಎದುರು ಮಣೆ ಇಟ್ಟು ಕೂತೆ. ಒಳಗೆ ಕೋಳಿಗಳು ಊರು ಎಬ್ಬಿಸಿದವು.

ಬೇಲಿಯ ಆಚೆಯಿಂದ ಲಲಿತಕ್ಕ ಕೇಳಿದರು, "ನೆಂಟ್ರು ಉಂಟಾ ಐಸಮ್ಮ?"

"ಉಂಟು, ಕಡಬದವರು" ಎಂದೆ, ಮಾರ್ಗಕ್ಕೂ ಕೇಳುವ ಹಾಗೆ.

ಹಮೀದ್ ಬ್ರಶ್ಶು ಬಾಯಲ್ಲಿಟ್ಟುಕೊಂಡು ಹೊರಗೆ ಬಂದ. ಗೂಡು ನೋಡಿದ, ನನ್ನನ್ನು ನೋಡಿದ, ಬೇಲಿಯಾಚೆ ಇನ್ನೂ ನಿಂತಿದ್ದ ಲಲಿತಕ್ಕನನ್ನು ನೋಡಿದ. ಬಾಯಿ ಮುಕ್ಕಳಿಸಿ ಬಂದು ಮೆಲ್ಲನೆ ಕೇಳಿದ, "ಗೋಲು ಅಂತ ಒಪ್ಪಿದ್ನಾ?"

"ಇಲ್ಲ."

"ಮತ್ತೆ?"

"ಹೋತವನ್ನು ಹೊರಗೆ ಹಾಕದೆ ಬಿಟ್ಟದ್ದು ತನ್ನ ತಪ್ಪು ಅಂದ. ಬಿಡು ಅಂತ ಯಾರು ಹೇಳಿದ್ದು ಅಂತ ಅವನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಕತ್ತಿ ಒಳಗೆ ಮಸೆದು ಇಟ್ಟಿದ್ದೇನೆ. ನಿನಗೆ ಆಗುದಿಲ್ಲ ಅಂದ್ರೆ ಮಸೀದಿಯ ಮುಕ್ರಿಯನ್ನು ಕರೀತೇನೆ, ಅವ ಕೊಯ್ದು ಕೊಡ್ತಾನೆ."

ಅವನು ಸ್ವಲ್ಪ ಹೊತ್ತು ಮುಂಡು ಬಿಚ್ಚಿ ಕಟ್ಟಿದ, ಮತ್ತೆ ಬಿಚ್ಚಿ ಕಟ್ಟಿದ. ಒಳಗೆ ಹೋಗಿ ಕತ್ತಿ ಹಿಡಿದು ಬಂದ.

"ಎಷ್ಟು ಜನ ಬರ್ತಾರಂತೆ?" ಎಂದು ಕೇಳಿದ.

ನಾನು ಗೂಡಿನ ಬಾಗಿಲನ್ನು ಒಂದು ಕೈ ಹೋಗುವಷ್ಟು ತೆಗೆದು, ಇದ್ದದ್ದರಲ್ಲಿ ದಪ್ಪದ ಹುಂಜವನ್ನು ಎಳೆದು ಅವನ ಕೈಗೆ ಕೊಟ್ಟೆ.